ಮದೈರಾ: ಕಾಡು, ಕಾಲುವೆ ಮತ್ತು ಕಲ್ಲುಗೋಡೆಗಳ ದ್ವೀಪ



ಕಳೆದ ತಿಂಗಳು ಅಡಿಕೆ ತೂಕ ಹಾಕಿಸಲು ಸಂಘದ ಕಛೇರಿಗೆ ಬಂದ ಸದಸ್ಯರೊಬ್ಬರ ಜೊತೆಯಲ್ಲಿ ಅವರ ಮಗನೂ ಬಂದಿದ್ದ. ಯೂರೋಪಿನಲ್ಲಿ ನೌಕರಿಯಲ್ಲಿರುವ ಹುಡುಗ. ರಜೆಯಲ್ಲಿ ಪೋರ್ಚುಗಲ್ ದೇಶಕ್ಕೆ ಸೇರಿದ ಮದೈರಾ ಎಂಬ ದ್ವೀಪವನ್ನು ನೋಡಿ ಬಂದಿದ್ದನಂತೆ. ಅಲ್ಲಿ ತೆಗೆದ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿದ. ಸಮುದ್ರ, ಹೂವಿನ ತೋಟ, ಹಳೆಯ ಚರ್ಚು ಇವನ್ನೆಲ್ಲ ನೋಡಿ ತೂಕದ ಹತ್ತಿರ ನಿಂತಿದ್ದವರು ಚೆನ್ನಾಗಿದೆ ಎಂದು ತಲೆಯಾಡಿಸಿದರು. ಆದರೆ ಒಂದು ಚಿತ್ರ ಬಂದಾಗ ಎಲ್ಲರೂ ಬಗ್ಗಿ ನೋಡಿದರು. ಕಡಿದಾದ ಗುಡ್ಡದ ಮಗ್ಗುಲಲ್ಲಿ, ದಟ್ಟವಾದ ಕಾಡಿನ ನಡುವೆ, ಮೊಳದಗಲದ ಕಲ್ಲಿನ ಕಾಲುವೆಯೊಂದು ತುಂಬಿ ಹರಿಯುತ್ತಿತ್ತು. ಅದರ ಪಕ್ಕದಲ್ಲಿ ಒಬ್ಬರು ನಡೆಯುವಷ್ಟೇ ದಾರಿ. ಇನ್ನೊಂದು ಮಗ್ಗುಲಲ್ಲಿ ಪ್ರಪಾತ.

"ಇದನ್ನು ಕಟ್ಟಿದವರು ಯಾರು ಮಾರಾಯ? ಈ ನೀರು ಯಾರ ಪಾಲಿಗೆ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ತೋಟ ಮಾಡಿ, ಒಂದೇ ಹಳ್ಳದ ನೀರಿಗೆ ನಾಲ್ಕು ಮನೆಯವರು ಕಾಯುವ ನಮಗೆ ಆ ಪ್ರಶ್ನೆ ಸಹಜವೇ. ಆಮೇಲೆ ಪುಸ್ತಕಗಳನ್ನು ತರಿಸಿ ಓದಿದೆವು. ತಿಳಿದುಬಂದದ್ದನ್ನು ಇಲ್ಲಿ ಕೊಟ್ಟಿದ್ದೇವೆ.

ದ್ವೀಪದ ಪರಿಚಯ

ಮದೈರಾ ಇರುವುದು ಅಟ್ಲಾಂಟಿಕ್ ಮಹಾಸಾಗರದಲ್ಲಿ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಿಂದ ನೈರುತ್ಯಕ್ಕೆ ಸುಮಾರು 1000 ಕಿಲೋಮೀಟರ್ ದೂರ. ಆಫ್ರಿಕದ ಮೊರಾಕ್ಕೊ ತೀರ ಅದಕ್ಕಿಂತ ಹತ್ತಿರ. ದ್ವೀಪದ ಉದ್ದ 57 ಕಿಲೋಮೀಟರ್, ಅಗಲ ಹೆಚ್ಚೆಂದರೆ 22 ಕಿಲೋಮೀಟರ್, ವಿಸ್ತೀರ್ಣ ಸುಮಾರು 740 ಚದರ ಕಿಲೋಮೀಟರ್. ಕೊಡಗು ಜಿಲ್ಲೆಯ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಚಿಕ್ಕ ನೆಲದಲ್ಲಿ ಸಮುದ್ರಮಟ್ಟದಿಂದ ನೆಟ್ಟಗೆ ಮೇಲೆದ್ದಿರುವ ಪಿಕೊ ರುಯಿವೊ ಶಿಖರದ ಎತ್ತರ 1862 ಮೀಟರ್. ನಮ್ಮ ತಡಿಯಂಡಮೋಳಿಗಿಂತ ಹೆಚ್ಚು, ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕಡಿಮೆ. ಅಂದರೆ ಘಟ್ಟದ ಒಂದು ತುಂಡನ್ನು ಕಡಿದು ಸಮುದ್ರದ ನಡುವೆ ಇಟ್ಟರೆ ಹೇಗಿದ್ದೀತು ಎಂದು ಊಹಿಸಿಕೊಂಡರೆ ಸಾಕು.

ದ್ವೀಪ ಹುಟ್ಟಿದ್ದು ಜ್ವಾಲಾಮುಖಿಯಿಂದ, 50 ಲಕ್ಷ ವರ್ಷಗಳಿಗೂ ಹಿಂದೆ. ಈಗ ಆ ಬೆಂಕಿ ಆರಿದೆ. ಉಳಿದಿರುವುದು ಕಪ್ಪು ಕಲ್ಲು, ಅದು ಸವೆದು ಆದ ಮಣ್ಣು, ಮತ್ತು ಮಳೆನೀರು ಕೊರೆದ ಆಳವಾದ ಕಣಿವೆಗಳು. ಹತ್ತಿರದಲ್ಲಿ ಪೋರ್ತೊ ಸಾಂತೊ ಎಂಬ ಇನ್ನೊಂದು ಚಿಕ್ಕ ದ್ವೀಪವಿದೆ. ಅಲ್ಲಿ ಗುಡ್ಡ ಕಡಿಮೆ, ಮಳೆಯೂ ಕಡಿಮೆ. 9 ಕಿಲೋಮೀಟರ್ ಉದ್ದದ ಹೊಂಬಣ್ಣದ ಮರಳ ತೀರವೇ ಅದರ ಆಕರ್ಷಣೆ. ಇವೆರಡನ್ನು ಬಿಟ್ಟರೆ ಉಳಿದ ಸಣ್ಣ ನಡುಗಡ್ಡೆಗಳಲ್ಲಿ ಊರುಗಳಿಲ್ಲ. ಒಟ್ಟು ಜನಸಂಖ್ಯೆ 2021ರ ಗಣತಿಯಂತೆ ಸುಮಾರು 2,50,000. ಅದರಲ್ಲಿ ಲಕ್ಷಕ್ಕೂ ಹೆಚ್ಚು ಜನ ಇರುವುದು ರಾಜಧಾನಿ ಫುಂಶಾಲ್‌ನಲ್ಲಿ.

ಹವೆ ಬಹಳ ಹಿತ. ಫುಂಶಾಲ್‌ನಲ್ಲಿ ಚಳಿಗಾಲದ ಸರಾಸರಿ ಉಷ್ಣತೆ 16–17 ಡಿಗ್ರಿ, ಬೇಸಿಗೆಯದು 22–23 ಡಿಗ್ರಿ. ಅಲ್ಲಿ ಮಳೆ ಬರುವುದು ಮುಖ್ಯವಾಗಿ ಚಳಿಗಾಲದಲ್ಲಿ. ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿ ಅಲ್ಲಿ ಒಣಹವೆ.

ಹೆಸರಿನಲ್ಲೇ ಮರ

1418–19ರಲ್ಲಿ ಪೋರ್ಚುಗೀಸ್ ನಾವಿಕರಾದ ಜೊವಾಂವ್ ಗೊನ್ಸಾಲ್ವಿಸ್ ಜಾರ್ಕೊ ಮತ್ತು ತ್ರಿಸ್ತಾಂವ್ ವಾಸ್ ತೆಯ್ಶೇರಾ ಇಲ್ಲಿಗೆ ಬಂದಾಗ ದ್ವೀಪದಲ್ಲಿ ಜನವಸತಿ ಇರಲಿಲ್ಲ. ತಲೆಯಿಂದ ಕಾಲಿನವರೆಗೆ ಕಾಡು. ಅದಕ್ಕೇ ಮದೈರಾ ಎಂದು ಹೆಸರಿಟ್ಟರು. ಅವರ ಭಾಷೆಯಲ್ಲಿ ಹಾಗೆಂದರೆ ಮರ, ಮರಮುಟ್ಟು. ಕೊಲ್ಲಿಯ ಪಕ್ಕದಲ್ಲಿ ಸೋಂಪಿನ ಜಾತಿಯ ಗಿಡ ಹೇರಳವಾಗಿ ಬೆಳೆದಿದ್ದ ಜಾಗಕ್ಕೆ ಆ ಗಿಡದ ಹೆಸರಿನಿಂದಲೇ ಫುಂಶಾಲ್ ಎಂದರು.

ಮರದ ಹೆಸರಿಟ್ಟವರೇ ಮೊದಲು ಮಾಡಿದ ಕೆಲಸ ಮರಕ್ಕೆ ಬೆಂಕಿ ಹಚ್ಚಿದ್ದು. ಬೇಸಾಯಕ್ಕೆ ನೆಲ ಬಿಡಿಸಲು ಹಚ್ಚಿದ ಬೆಂಕಿ ಕೈಮೀರಿ ಏಳು ವರ್ಷ ಉರಿಯಿತು ಎಂದು ಐತಿಹ್ಯ. ಏಳು ವರ್ಷದ ಮಾತು ಉತ್ಪ್ರೇಕ್ಷೆ ಇದ್ದೀತು. ಆದರೆ ದಕ್ಷಿಣ ಮಗ್ಗುಲಿನ ಕಾಡು ಬಹುಮಟ್ಟಿಗೆ ಹೋದದ್ದು ನಿಜ. ಬಚಾವಾದದ್ದು ಉತ್ತರದ ಮಗ್ಗುಲು. ಅಲ್ಲಿನ ಇಳಿಜಾರು ಅಷ್ಟು ಕಡಿದು, ಮಂಜು ಅಷ್ಟು ದಟ್ಟ. ಹಾಗೆ ಉಳಿದ ಕಾಡೇ ಇಂದು ದ್ವೀಪವನ್ನು ಬದುಕಿಸುತ್ತಿದೆ.

ಮೋಡ ಹಿಂಡುವ ಕಾಡು

ಆ ಕಾಡಿಗೆ ಲಾರಿಸಿಲ್ವಾ ಎಂದು ಹೆಸರು. ಲಕ್ಷಾಂತರ ವರ್ಷಗಳ ಹಿಂದೆ ಇಂಥ ಕಾಡು ದಕ್ಷಿಣ ಯೂರೋಪಿನಲ್ಲೆಲ್ಲ ಇತ್ತು. ಹಿಮಯುಗದ ಚಳಿಗೂ ಬರಕ್ಕೂ ಸಿಕ್ಕಿ ಅಲ್ಲಿ ನಾಶವಾಯಿತು. ಸಾಗರದ ನಡುವಿನ ಮದೈರಾದಂಥ ಕೆಲವು ದ್ವೀಪಗಳಲ್ಲಿ ಮಾತ್ರ ಉಳಿದುಕೊಂಡಿತು. ಮದೈರಾದಲ್ಲಿ ಈಗ ಇರುವುದು ಸುಮಾರು 15,000 ಹೆಕ್ಟೇರ್, ದ್ವೀಪದ ಐದನೆಯ ಒಂದು ಪಾಲು. 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿನ ಮುಖ್ಯ ಮರಗಳಾದ ತಿಲ್, ವಿನ್ಯಾತಿಕೊ, ಲೋರೇರೊ, ಬಾರ್ಬುಸಾನೊ ಈ ನಾಲ್ಕೂ ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದವು. ನಮ್ಮ ಕಾಫಿ ತೋಟದ ಬೆಣ್ಣೆಹಣ್ಣೂ ಅದೇ ಕುಟುಂಬದ್ದು. ವಿನ್ಯಾತಿಕೊ ಮರವಂತೂ ಬೆಣ್ಣೆಹಣ್ಣಿನ ತೀರ ಹತ್ತಿರದ ದಾಯಾದಿ. ಅದರ ಶಾಸ್ತ್ರೀಯ ಹೆಸರಿನಲ್ಲಿ 'ಇಂಡಿಕಾ' ಎಂದಿದ್ದರೂ ಅದು ಭಾರತದ ಮರವಲ್ಲ. ಎಲ್ಲವೂ ನಿತ್ಯಹರಿದ್ವರ್ಣ, ಎಲೆ ದಪ್ಪ, ನುಣುಪು, ಹೊಳಪು. ಫನಾಲ್ ಎಂಬಲ್ಲಿ ನೂರಾರು ವರ್ಷ ವಯಸ್ಸಿನ ತಿಲ್ ಮರಗಳು ಪಾಚಿ ಹೊದ್ದು, ಡೊಂಕು ಕೊಂಬೆ ಚಾಚಿ ಮಂಜಿನಲ್ಲಿ ನಿಂತಿರುವ ದೃಶ್ಯವನ್ನು ನೋಡಲೆಂದೇ ಜನ ಬರುತ್ತಾರೆ.

ಆ ಎಲೆಗಳು ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವರ್ಷದ ಬಹುಕಾಲ ಈಶಾನ್ಯ ದಿಕ್ಕಿನಿಂದ ಬೀಸುವ ಗಾಳಿ ಸಮುದ್ರದ ತೇವವನ್ನು ಹೊತ್ತು ತಂದು ದ್ವೀಪದ ಉತ್ತರ ಮಗ್ಗುಲಿಗೆ ಬಡಿಯುತ್ತದೆ. ಗುಡ್ಡ ಏರುತ್ತ ತಣ್ಣಗಾಗಿ ಮೋಡವಾಗುತ್ತದೆ. ಆ ಮೋಡ ಕಾಡಿನೊಳಗೇ ನುಗ್ಗಿ ಹಾಯುತ್ತದೆ. ಮಳೆ ಬೀಳದ ದಿನವೂ ಮಂಜಿನ ಕಣಗಳು ಎಲೆ, ಪಾಚಿ, ಕೊಂಬೆಗಳ ಮೇಲೆ ಕೂಡಿ ಹನಿಯಾಗಿ ತೊಟ್ಟಿಕ್ಕುತ್ತವೆ. ಬೆಳಗಿನ ಜಾವ ನಮ್ಮ ಕಾನಿನಂಚಿನ ಮರದ ಕೆಳಗೆ ನಿಂತರೆ ಕೇಳಿಸುವ ಟಪಟಪ ಸದ್ದೇ ಇದು. ಮರವಿಲ್ಲದ ಬೋಳುಗುಡ್ಡದ ಮೇಲೆ ಅದೇ ಮೋಡ ಹಾಯ್ದರೆ ಹೆಚ್ಚಿನ ಪಾಲು ಹಾಗೇ ಹೊರಟುಹೋಗುತ್ತದೆ.

ತೊಟ್ಟಿಕ್ಕಿದ ನೀರು ತರಗೆಲೆಯ ಹಾಸಿನಲ್ಲಿ ಇಂಗಿ, ಬಿರುಕುಬಿಟ್ಟ ಕಪ್ಪುಕಲ್ಲಿನಲ್ಲಿ ಇಳಿದು, ನೀರು ಬಿಡದ ಗಟ್ಟಿಪದರ ಸಿಕ್ಕಿದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಮೇಲಿನ ಗುಡ್ಡಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ. ಬಿಸಿಲು ಚೆನ್ನಾಗಿರುವ, ಬೇಸಾಯಕ್ಕೆ ಅನುಕೂಲವಾದ ದಕ್ಷಿಣದ ಫುಂಶಾಲ್‌ನಲ್ಲಿ ಸುಮಾರು 600 ಮಾತ್ರ. ಒಂದು ಕಡೆ ನೀರು, ಇನ್ನೊಂದು ಕಡೆ ಬಿಸಿಲು. ಇವೆರಡನ್ನು ಕೂಡಿಸುವುದು ಹೇಗೆ? ಆರು ಶತಮಾನಗಳಿಂದ ದ್ವೀಪದ ಜನ ದುಡಿದದ್ದು ಈ ಒಂದು ಪ್ರಶ್ನೆಗಾಗಿ.

ಲೆವಾಡಾ ಎಂಬ ಕಾಲುವೆ

ಹುಡುಗ ತೋರಿಸಿದ ಚಿತ್ರದ ಕಾಲುವೆಗೆ ಅಲ್ಲಿ ಲೆವಾಡಾ ಎನ್ನುತ್ತಾರೆ. ಮೊದಲನೆಯವನ್ನು ತೋಡಿದ್ದು 15ನೇ ಶತಮಾನದಲ್ಲಿ, ಕಬ್ಬಿನ ಗದ್ದೆಗಳಿಗಾಗಿ. ಅಂದಿನಿಂದ ಇಂದಿನವರೆಗೆ ಕಟ್ಟಿದವುಗಳ ಒಟ್ಟು ಉದ್ದ 1400 ಕಿಲೋಮೀಟರಿಗೂ ಹೆಚ್ಚು; ತೋಟ ತೋಟಕ್ಕೆ ಹೋಗುವ ಕವಲುಗಳನ್ನೆಲ್ಲ ಲೆಕ್ಕ ಹಿಡಿದರೆ ಇನ್ನೂ ಹೆಚ್ಚು. 57 ಕಿಲೋಮೀಟರ್ ಉದ್ದದ ದ್ವೀಪದಲ್ಲಿ ಇಷ್ಟು ಕಾಲುವೆ!

ಕಟ್ಟಿದ ರೀತಿ ಸರಳ, ಶ್ರಮ ಘೋರ. ಕಾಲುವೆಗೆ ಇಳಿಜಾರು ಬಹಳ ಕಡಿಮೆ ಇರಬೇಕು. ಹೆಚ್ಚಾದರೆ ನೀರು ಕಟ್ಟೆಯನ್ನು ಕೊರೆಯುತ್ತದೆ, ಇಲ್ಲದಿದ್ದರೆ ನಿಂತು ಹೂಳು ತುಂಬುತ್ತದೆ. ಹೀಗೆ ಸಮಮಟ್ಟದ ಗೆರೆ ಹಿಡಿದು ಗುಡ್ಡದ ಮೈ ಸುತ್ತುತ್ತ ಹೋಗಬೇಕು. ಅಡ್ಡ ಬಂದದ್ದು ಬಂಡೆಯಾದರೆ ಹಗ್ಗ ಕಟ್ಟಿ ಬುಟ್ಟಿಯಲ್ಲಿ ಮನುಷ್ಯರನ್ನು ಪ್ರಪಾತದ ಮೇಲೆ ಇಳಿಬಿಟ್ಟು ಉಳಿ–ಸುತ್ತಿಗೆಯಿಂದ ಕೊರೆಸಿದರು. ಪೂರ್ತಿ ಗುಡ್ಡವೇ ಅಡ್ಡ ಬಂದರೆ ಸುರಂಗ ಕೊರೆಸಿದರು. ಮೊದಲ ಶತಮಾನಗಳಲ್ಲಿ ಈ ಕೆಲಸ ಮಾಡಿದವರಲ್ಲಿ ಆಫ್ರಿಕದಿಂದಲೂ ಕನೇರಿ ದ್ವೀಪಗಳಿಂದಲೂ ಹಿಡಿದು ತಂದ ಗುಲಾಮರಿದ್ದರು. ಕೆಲಸದಲ್ಲಿ ಬಿದ್ದು ಸತ್ತವರ ಹೆಸರು ಎಲ್ಲಿಯೂ ಬರೆದಿಲ್ಲ. ಕಾಲುವೆಯ ಸೊಬಗನ್ನು ಮೆಚ್ಚುವಾಗ ಇದನ್ನು ಮರೆಯಬಾರದು.

20ನೇ ಶತಮಾನದ ನಡುಭಾಗದಲ್ಲಿ ಸರ್ಕಾರ ದೊಡ್ಡ ಯೋಜನೆ ಕೈಗೊಂಡಿತು. 1000 ಮೀಟರ್ ಆಸುಪಾಸಿನ ಎತ್ತರದಲ್ಲಿ ಬುಗ್ಗೆಗಳ ನೀರು ಕೂಡಿಸಿ, ಅದನ್ನು ಕೊಳವೆಯಲ್ಲಿ ಕೆಳಗಿನ ವಿದ್ಯುದಾಗಾರಕ್ಕೆ ಧುಮುಕಿಸಿ, ವಿದ್ಯುತ್ ತೆಗೆದ ನಂತರ ಅದೇ ನೀರನ್ನು ಬೇಸಾಯದ ಭೂಮಿಯ ಮೇಲ್ಮಗ್ಗುಲಿನ ಲೆವಾಡಾಕ್ಕೆ ಬಿಡುವುದು. ಒಂದೇ ನೀರಿಗೆ ಎರಡು ಕೆಲಸ. ಉತ್ತರದ ನೀರನ್ನು ದಕ್ಷಿಣಕ್ಕೆ ತರುವ ನೋರ್ತೆ, ತೋರ್ನೊಸ್ ಮುಂತಾದ ದೊಡ್ಡ ಲೆವಾಡಾಗಳು ಆ ಯೋಜನೆಯ ಫಲ.

ಇನ್ನು ನಮ್ಮ ಹಿರಿಯರ ಎರಡನೆಯ ಪ್ರಶ್ನೆ: ನೀರು ಯಾರ ಪಾಲಿಗೆ? ಹಳೆಯ ಲೆವಾಡಾಗಳಲ್ಲಿ ಅನೇಕವು ರೈತರದ್ದೇ ಒಡೆತನದವು. ಪಾಲುದಾರರಿಗೆ ಎರೇವುಸ್ ಎಂದು ಹೆಸರು. ಒಬ್ಬೊಬ್ಬರ ಪಾಲು ಇಷ್ಟು ಗಂಟೆಯ ನೀರು ಎಂದು ನಿಗದಿಯಾಗಿರುತ್ತದೆ. ಸರದಿ ಬಂದ ದಿನ, ಆ ಗಂಟೆಗೆ, ಅದು ನಡುರಾತ್ರಿಯಾದರೂ ಸರಿ, ಗುದ್ದಲಿ ಹಿಡಿದು ತೋಟದಲ್ಲಿರಬೇಕು. ಈ ನೀರಿನ ಹಕ್ಕನ್ನು ಜಮೀನಿನಿಂದ ಬೇರೆಯಾಗಿ ಮಾರುವುದೂ, ಬಾಡಿಗೆಗೆ ಕೊಡುವುದೂ, ಮಕ್ಕಳಿಗೆ ಹಂಚುವುದೂ ರೂಢಿಯಲ್ಲಿತ್ತು. ನೆಲವಿದ್ದು ನೀರಿನ ಗಂಟೆ ಇಲ್ಲದವನು ಬಡವ.

ಸರದಿಯಂತೆ ತೂಬು ತೆರೆದು ಮುಚ್ಚುವವನು, ಕಾಲುವೆಯಲ್ಲಿ ಬಿದ್ದ ಕಲ್ಲು ಕಸ ತೆಗೆಯುವವನು ಲೆವಾಡೇರೊ. ನಮ್ಮ ಹಳೆಯ ಕೆರೆಗಳ ನೀರುಗಂಟಿಯಂತೆಯೇ. ಕಾಲುವೆಯ ಪಕ್ಕದ ಆ ಕಾಲುದಾರಿ ಪ್ರವಾಸಿಗಳಿಗಾಗಿ ಮಾಡಿದ್ದಲ್ಲ. ಲೆವಾಡೇರೊ ಓಡಾಡಲು ಮಾಡಿದ್ದು. ಇಂದು ಪ್ರಪಂಚದ ಎಲ್ಲ ಕಡೆಯ ಜನ ಹಣ ಕೊಟ್ಟು ಬಂದು ನಡೆಯುವುದು ನೀರುಗಂಟಿಯ ದಾರಿಯಲ್ಲಿ.

ಕಲ್ಲುಗೋಡೆಯ ತೋಟಗಳು

ಬಂದ ನೀರನ್ನು ನಿಲ್ಲಿಸಲು ಸಮತಟ್ಟಾದ ನೆಲವೇ ಇರಲಿಲ್ಲ. ಅದನ್ನೂ ಜನರೇ ಮಾಡಿದರು. ಕಪ್ಪುಕಲ್ಲನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟಿ, ಅದರ ಹಿಂದೆ ಮಣ್ಣು ತುಂಬಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳನ್ನು ಮಾಡಿದರು. ಇದಕ್ಕೆ ಪೊಯೊ ಎನ್ನುತ್ತಾರೆ. ಕೆಲವು ಪಟ್ಟಿಗಳು ಎರಡು ಹಾಸಿಗೆಯಷ್ಟು ಅಗಲ ಮಾತ್ರ. ಗಾರೆ ಹಾಕದ್ದರಿಂದ ಹೆಚ್ಚಾದ ನೀರು ಕಲ್ಲಿನ ಸಂದಿನಿಂದ ಬಸಿದುಹೋಗುತ್ತದೆ, ಗೋಡೆ ಉಬ್ಬಿ ಬೀಳುವುದಿಲ್ಲ. ಬಸಿಗಾಲುವೆಯ ಬೆಲೆ ಬಲ್ಲ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಗೋಡೆಗಳ ಹಿಂದೆ ಒಂದು ಒಕ್ಕಲಿನ ಕಥೆಯೂ ಇದೆ. ಶತಮಾನಗಳ ಕಾಲ ನೆಲ ಒಡೆಯನದು. ಅದರ ಮೇಲಿನ ಗೋಡೆ, ಮನೆ, ಗಿಡ ಎಲ್ಲ ಒಕ್ಕಲಿನವನದು. ಬೆಳೆಯಲ್ಲಿ ಅರ್ಧ ಒಡೆಯನಿಗೆ. ಒಕ್ಕಲೆಬ್ಬಿಸಬೇಕಾದರೆ ಗೋಡೆ ಗಿಡಗಳ ಬೆಲೆ ಕಟ್ಟಿಕೊಡಬೇಕು. ಕೊಲೋನಿಯಾ ಎಂಬ ಈ ಪದ್ಧತಿ 1974ರ ಏಪ್ರಿಲ್‌ನ ಪೋರ್ಚುಗಲ್ ಕ್ರಾಂತಿಯ ನಂತರ, ದ್ವೀಪಕ್ಕೆ 1976ರಲ್ಲಿ ಸ್ವಯಮಾಡಳಿತ ಬಂದ ಮೇಲೆ, 1977ರಲ್ಲಿ ರದ್ದಾಯಿತು. ನಮ್ಮ ರಾಜ್ಯದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಗೇಣಿ ಅಳೆದವರೂ, ಅಳೆಸಿಕೊಂಡವರೂ ಇಬ್ಬರೂ ಇಂದು ನಮ್ಮ ಸಂಘದ ಒಂದೇ ಬೆಂಚಿನಲ್ಲಿ ಕೂರುವವರು. ಸಾವಿರಾರು ಮೈಲಿ ದೂರದ ಇನ್ನೊಂದು ಗುಡ್ಡಗಾಡಿನಲ್ಲೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅದೇ ಮಾತು ನಡೆದದ್ದು ನಮಗೆ ಸೋಜಿಗವೆನಿಸಿತು.

ಒಂದೇ ಬೆಳೆಯ ಮೂರು ಪಾಠ

ಇತಿಹಾಸದ ಪುಟಗಳಲ್ಲಿ ಬೆಳೆಗಾರರು ಗಮನಿಸಬೇಕಾದ ಸಂಗತಿ ಬೆಳೆಗಳ ಏಳುಬೀಳು.

ಮೊದಲು ಕಬ್ಬು. 15ನೇ ಶತಮಾನದ ಕೊನೆಗೆ ಮದೈರಾದ ಸಕ್ಕರೆ ಯೂರೋಪಿನ ಪೇಟೆಗಳನ್ನೆಲ್ಲ ತುಂಬಿತ್ತು. ಕೊಲಂಬಸ್ 1478ರಲ್ಲಿ ಇಲ್ಲಿಗೆ ಬಂದದ್ದೂ ಸಕ್ಕರೆ ಖರೀದಿಗೆ. ಸಕ್ಕರೆಗೆ ಬದಲಾಗಿ ಫ್ಲಾಂಡರ್ಸ್ ದೇಶದಿಂದ ಬಂದ ಉತ್ತಮ ಧಾರ್ಮಿಕ ಚಿತ್ರಗಳನ್ನು ಫುಂಶಾಲ್‌ನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ನಗರದ ಲಾಂಛನದಲ್ಲಿ ಐದು ಸಕ್ಕರೆ ಅಚ್ಚುಗಳ ಚಿತ್ರವಿದೆ. ಆದರೆ ಸಕ್ಕರೆ ಕಾಯಿಸಲು ಕಾಡು ಸೌದೆಯಾಯಿತು, ಮಣ್ಣು ಸತ್ವ ಕಳೆದುಕೊಂಡಿತು. 16ನೇ ಶತಮಾನದಲ್ಲಿ ಬ್ರೆಜಿಲ್ಲಿನ ಅಗ್ಗದ ಸಕ್ಕರೆ ಬಂದ ಮೇಲೆ ಆ ವೈಭವ ಮುಗಿಯಿತು. ಈಗ ಉಳಿದಿರುವ ಕೆಲವೇ ಆಲೆಮನೆಗಳು ಬೇಸಿಗೆಗೆ ಮೊದಲು ಕಬ್ಬು ಅರೆದು ಮದ್ಯವನ್ನೂ ಕಾಕಂಬಿಯನ್ನೂ ಮಾಡುತ್ತವೆ. ನಮ್ಮ ಜೋನಿಬೆಲ್ಲದ ಹಾಗಿರುವ ಆ ಕಾಕಂಬಿಯಿಂದ ಕ್ರಿಸ್ಮಸ್ ಕಾಲದಲ್ಲಿ ಕಪ್ಪು ಬಣ್ಣದ ಕೇಕು ಮಾಡುವುದು ಅಲ್ಲಿಯ ಪದ್ಧತಿ.

ನಂತರ ದ್ರಾಕ್ಷಿ. ಮದೈರಾದ ದ್ರಾಕ್ಷಾಮದ್ಯ ಪ್ರಸಿದ್ಧವಾದದ್ದು ಒಂದು ಆಕಸ್ಮಿಕದಿಂದ. ಇಂಡಿಯಾಕ್ಕೂ ಅಮೆರಿಕಕ್ಕೂ ಹೋಗುವ ಹಡಗುಗಳು ಇಲ್ಲಿ ತಂಗಿ ಪೀಪಾಯಿ ತುಂಬಿಕೊಳ್ಳುತ್ತಿದ್ದವು. ಉಷ್ಣವಲಯ ದಾಟುವಾಗ ಹಡಗಿನ ಒಡಲಿನ ಸೆಕೆಯಲ್ಲಿ ಕುದಿದ ಮದ್ಯ ಕೆಡುವ ಬದಲು ರುಚಿಕಟ್ಟಾಯಿತು. ಬೇಡವಾಗಿ ಹಿಂದಕ್ಕೆ ಬಂದ ಪೀಪಾಯಿಗಳಿಗೇ ಬೆಲೆ ಹೆಚ್ಚು! ಈಗ ಹಡಗಿನ ಬದಲು ಬೆಚ್ಚಗಿನ ಅಟ್ಟಗಳಲ್ಲೂ ಕಾಯಿಸುವ ತೊಟ್ಟಿಗಳಲ್ಲೂ ಅದನ್ನು ಹದ ಮಾಡುತ್ತಾರೆ. 1776ರಲ್ಲಿ ಅಮೆರಿಕ ಸ್ವಾತಂತ್ರ್ಯ ಸಾರಿದಾಗ ಅಲ್ಲಿನ ನಾಯಕರು ಕುಡಿದದ್ದು ಇದೇ ಮದ್ಯವೆಂದು ಪ್ರತೀತಿ.

ಆದರೆ 1850ರ ದಶಕದ ಆರಂಭದಲ್ಲಿ ಬಳ್ಳಿಗೆ ಬೂದಿರೋಗ ಬಂತು. ಅದರಿಂದ ಚೇತರಿಸುವಷ್ಟರಲ್ಲಿ 1872ರಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹೇನು ಬಂತು. ಸಿಂಹಳದ ಕಾಫಿಗೆ ತುಕ್ಕುರೋಗ ತಗಲಿದ್ದು 1869ರಲ್ಲಿ. ಹೆಚ್ಚುಕಡಿಮೆ ಅದೇ ಕಾಲ. ಕೊಳೆರೋಗದಿಂದ ಒಂದೇ ಮಳೆಗಾಲದಲ್ಲಿ ಗೊನೆಯೆಲ್ಲ ಉದುರಿದ್ದನ್ನೂ, ಕಾಂಡಕೊರಕದಿಂದ ಗಿಡ ಒಣಗಿದ್ದನ್ನೂ ಕಂಡ ನಮಗೆ ಆ ಮನೆಗಳ ಸ್ಥಿತಿ ಊಹೆಗೆ ನಿಲುಕುತ್ತದೆ. ಸಾವಿರಾರು ಸಂಸಾರಗಳು ಹಡಗು ಹತ್ತಿದವು. ಬ್ರಿಟಿಷ್ ಗಯಾನಾದ ಕಬ್ಬಿನ ತೋಟಗಳಿಗೆ ಮದೈರಾದ ಕೂಲಿಗಳು ಹೋಗಲು ಶುರುವಾದದ್ದು ಇನ್ನೂ ಮುಂಚೆ, 1835ರಲ್ಲಿ. 1838ರಲ್ಲಿ ಅದೇ ತೋಟಗಳಿಗೆ ನಮ್ಮ ದೇಶದ ಕೂಲಿಗಳ ಮೊದಲ ಹಡಗುಗಳು ಬಂದವು. ಮುಂದೆ ಹವಾಯಿಗೆ ಹೋದ ಮದೈರಾದವರು ಒಯ್ದ ನಾಲ್ಕು ತಂತಿಯ ಪುಟ್ಟ ವಾದ್ಯವೇ ಅಲ್ಲಿ ಉಕುಲೇಲೆಯಾಯಿತು.

ಮೂರನೆಯದು ಬಾಳೆ. ನಮ್ಮ ಪಚ್ಚಬಾಳೆಯ ಬಳಗದ ಗಿಡ್ಡ ತಳಿ. ದಕ್ಷಿಣ ತೀರದ ಪೊಯೊಗಳಲ್ಲಿ ಇಂದು ಎಲ್ಲೆಲ್ಲೂ ಅದೇ. ಆದರೆ ಎರಡು ಬಾರಿ ಕೈಸುಟ್ಟುಕೊಂಡ ಜನ ಪಕ್ಕದಲ್ಲಿ ದ್ರಾಕ್ಷಿಯ ಚಪ್ಪರ, ಗೆಣಸು, ತರಕಾರಿ, ಪ್ಯಾಶನ್ ಹಣ್ಣು, ಸೀತಾಫಲದ ಬಂಧುವಾದ ಅನೋನಾ ಇವನ್ನೂ ಉಳಿಸಿಕೊಂಡಿದ್ದಾರೆ. ಫುಂಶಾಲ್‌ನಲ್ಲಿ 1940ರಲ್ಲಿ ತೆರೆದ ಮಾರುಕಟ್ಟೆಯ ಹೆಸರೇ ಬೇಸಾಯಗಾರರ ಮಾರುಕಟ್ಟೆ.

ನಗರ ಮತ್ತು ನೋಡತಕ್ಕ ಸ್ಥಳಗಳು

ಫುಂಶಾಲ್ 1508ರಲ್ಲಿ ನಗರವೆಂಬ ಪದವಿ ಪಡೆಯಿತು. ಅಲ್ಲಿನ ಮುಖ್ಯ ಚರ್ಚನ್ನು ಕಟ್ಟಲು ತೊಡಗಿದ್ದು 1490ರ ದಶಕದಲ್ಲಿ. ಅದರ ಮರದ ಛಾವಣಿಯ ಕುಸುರಿ ನೋಡುವಂಥದು. ನಮ್ಮ ಕರಾವಳಿಗೂ ಈ ಚರ್ಚಿಗೂ ಒಂದು ಸಂಬಂಧವಿದೆ. 1514ರಲ್ಲಿ ಇಲ್ಲಿ ಬಿಷಪ್ಪರ ಪೀಠವಾದಾಗ ಸಾಗರದಾಚೆಯ ಪೋರ್ಚುಗೀಸ್ ನೆಲೆಗಳೆಲ್ಲ ಅದರ ಕೆಳಗೆ ಬಂದವು, ಗೋವಾವೂ ಸೇರಿ. 1534ರಲ್ಲಿ ಗೋವಾಕ್ಕೆ ಬೇರೆ ಪೀಠವಾಗುವವರೆಗೆ ಅಲ್ಲಿಯ ಪಾದ್ರಿಗಳು ಈ ಪುಟ್ಟ ದ್ವೀಪದ ಅಧೀನ. ಅನಾನಸನ್ನೂ ಗೇರನ್ನೂ ನಮ್ಮ ತೀರಕ್ಕೆ ತಂದ ಅದೇ ಹಡಗುದಾರಿಗಳ ಕಾಲ ಅದು.

ಊರಿನ ಮೇಲ್ಭಾಗದ ಮೊಂತೆ ಎಂಬ ಗುಡ್ಡದ ಚರ್ಚಿನಲ್ಲಿ ಆಸ್ಟ್ರಿಯದ ಕೊನೆಯ ಚಕ್ರವರ್ತಿ ಕಾರ್ಲ್‌ನ ಸಮಾಧಿಯಿದೆ. ಮೊದಲ ಮಹಾಯುದ್ಧದಲ್ಲಿ ಸಿಂಹಾಸನ ಕಳೆದುಕೊಂಡು ಇಲ್ಲಿಗೆ ಗಡೀಪಾರಾಗಿ ಬಂದ ಆತ 1922ರ ಏಪ್ರಿಲ್ 1ರಂದು ತೀರಿಕೊಂಡ. ಅಲ್ಲಿಂದ ಕೆಳಗಿಳಿಯಲು ಬೆತ್ತದ ಜಾರುಗಾಡಿಗಳಿವೆ. ಚಕ್ರವಿಲ್ಲದ ಆ ಗಾಡಿಯನ್ನು ಇಬ್ಬರು ಹಗ್ಗ ಹಿಡಿದು ಇಳಿಜಾರು ರಸ್ತೆಯಲ್ಲಿ ಜಾರಿಸುತ್ತಾರೆ. ಸುಮಾರು 1850ರಿಂದ ಬಂದ ರೂಢಿ.

ಕುರ್ರಾಲ್ ದಾಸ್ ಫ್ರೇಯ್ರಾಸ್ ಎಂದರೆ ಸನ್ಯಾಸಿನಿಯರ ಕಣಿವೆ. 1566ರಲ್ಲಿ ಫ್ರೆಂಚ್ ಕಡಲ್ಗಳ್ಳರು ಫುಂಶಾಲ್ ನಗರವನ್ನು ಸೂರೆ ಮಾಡಿದಾಗ ಮಠದ ಸನ್ಯಾಸಿನಿಯರು ಓಡಿ ಅಡಗಿದ ಜಾಗ. ಸುತ್ತಲೂ ಗೋಡೆಯಂತೆ ಗುಡ್ಡಗಳು, ತಳದಲ್ಲಿ ಊರು. ಕಾಬೊ ಜಿರಾಂವ್ ಎಂಬಲ್ಲಿ ಬಂಡೆ ಸಮುದ್ರಕ್ಕೆ 580 ಮೀಟರ್ ನೆಟ್ಟಗೆ ಇಳಿಯುತ್ತದೆ. 2012ರಿಂದ ಅಲ್ಲಿ ಗಾಜಿನ ಜಗುಲಿಯ ಮೇಲೆ ನಿಂತು ಕೆಳಗೆ ನೋಡಬಹುದು. ಪೋರ್ತೊ ಮೊನೀಸ್‌ನಲ್ಲಿ ಲಾವಾ ಹೆಪ್ಪುಗಟ್ಟಿದ ಬಂಡೆಗಳ ನಡುವೆ ಸಮುದ್ರದ ನೀರು ತುಂಬಿದ ಈಜುಕೊಳಗಳಿವೆ. ಸಾಂತಾನಾದಲ್ಲಿ ಹುಲ್ಲಿನ ಮಾಡು ನೆಲದವರೆಗೂ ಇಳಿಬಿದ್ದ ಹಳೆಯ ರೈತಮನೆಗಳಿವೆ. ಪೂರ್ವದ ತುದಿಯಾದ ಸಾಂವ್ ಲೊರೆನ್ಸೊ ಮಾತ್ರ ಮರವಿಲ್ಲದ ಒಣನೆಲ. ಮೋಡಕ್ಕೆ ಸಿಗದಷ್ಟು ತಗ್ಗು. ಅದನ್ನು ನೋಡಿದರೆ ಎತ್ತರಕ್ಕೂ ಕಾಡಿಗೂ ಇರುವ ನಂಟು ತಾನಾಗಿ ತಿಳಿಯುತ್ತದೆ.

ಇಳಿಯುವ ವಿಮಾನನಿಲ್ದಾಣವೂ ನೋಡತಕ್ಕದ್ದೇ. ಸಮತಟ್ಟಾದ ಜಾಗವಿಲ್ಲದೆ 2000ದಲ್ಲಿ ಓಡುದಾರಿಯನ್ನು ಕಾಂಕ್ರೀಟ್ ಕಂಬಗಳ ಮೇಲೆ ಕಡಲಂಚಿಗೆ ಚಾಚಿ ಉದ್ದ ಮಾಡಿದ್ದಾರೆ. ಅದಕ್ಕೆ ಈಗ ಊರಿನ ಮಗನಾದ ಕಾಲ್ಚೆಂಡಿನ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊನ ಹೆಸರು.

ಗುಡ್ಡ ಇಳಿದು ಬಂದ ದಿನ

ಇಷ್ಟು ಚೆಂದದ ದ್ವೀಪಕ್ಕೆ ಇನ್ನೊಂದು ಮುಖವೂ ಇದೆ. 2010ರ ಫೆಬ್ರವರಿ 20ರಂದು, ಮೊದಲೇ ನೆನೆದು ನಿಂತ ಗುಡ್ಡಗಳ ಮೇಲೆ ಕೆಲವೇ ಗಂಟೆಗಳಲ್ಲಿ ಭಾರಿ ಮಳೆ ಸುರಿಯಿತು. ಫುಂಶಾಲ್‌ನ ನಡುವೆ ಹಾಯುವ ಹಳ್ಳಗಳು ಮಣ್ಣು, ಬಂಡೆ, ಮರಗಳನ್ನು ಹೊತ್ತು ಪೇಟೆಬೀದಿಗೆ ನುಗ್ಗಿದವು. 40ಕ್ಕೂ ಹೆಚ್ಚು ಜನ ಸತ್ತರು. 1803ರ ಅಕ್ಟೋಬರಿನಲ್ಲಿ ಬಂದ ಇಂಥದೇ ನೆರೆಯಲ್ಲಿ ನೂರಾರು ಜನ ಹೋಗಿದ್ದರು. ಆಗ ಎಂಜಿನಿಯರ್ ರೆಯ್ನಾಲ್ದೊ ಔದಿನೊ ಎಂಬಾತ ಬಂದು ಹಳ್ಳಗಳಿಗೆ ಕಲ್ಲುಗೋಡೆ ಕಟ್ಟಿಸಿದ್ದ. ಮುಂದೆ ಜನ ಮರೆತರು. ಹಳ್ಳದ ಅಂಚಿನವರೆಗೂ ಕಟ್ಟಡಗಳು ಬಂದವು.

ಬೆಂಕಿಯ ಕಾಟವೂ ಇದೆ. 2016ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಫುಂಶಾಲ್ ನಗರದೊಳಕ್ಕೇ ಇಳಿದು ಮೂವರನ್ನು ಬಲಿ ತೆಗೆದುಕೊಂಡಿತು. 2024ರ ಆಗಸ್ಟ್‌ನಲ್ಲಿ ಸುಮಾರು 5000 ಹೆಕ್ಟೇರ್ ಸುಟ್ಟಿತು. ದುಡಿಯುವವರು ವಲಸೆ ಹೋಗಿ ಪಾಳುಬಿದ್ದ ಪೊಯೊಗಳಲ್ಲಿ ಬೆಳೆದ ಪೊದೆ, ಹೊರಗಿನಿಂದ ತಂದು ನೆಟ್ಟ ನೀಲಗಿರಿ ಇವು ಬೆಂಕಿಗೆ ಒಳ್ಳೆಯ ಸೌದೆ. ತೇವ ಹಿಡಿದ ಲಾರಿಸಿಲ್ವಾ ಅಷ್ಟು ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಆಡು ಕುರಿ ಮೇಯ್ದು ಬೋಳಾಗಿದ್ದ ಎತ್ತರದ ಗುಡ್ಡಗಳಿಂದ ಅವನ್ನು ಹೊರಹಾಕಿ ಸ್ಥಳೀಯ ಗಿಡಗಳನ್ನು ಮತ್ತೆ ಎಬ್ಬಿಸುವ ಕೆಲಸ 1990ರ ದಶಕದಿಂದ ನಡೆದಿದೆ. ಆ ಎತ್ತರದಲ್ಲೇ ಗೂಡು ಮಾಡುವ ಜೀನೊ ಪೆಟ್ರೆಲ್ ಎಂಬ ಕಡಲಹಕ್ಕಿ ಅಳಿದೇಹೋಯಿತೆಂದು ತಿಳಿದವರಿಗೆ 1969ರಲ್ಲಿ ಮತ್ತೆ ಸಿಕ್ಕಿತು. 2010ರ ಆಗಸ್ಟ್‌ನ ಬೆಂಕಿಯಲ್ಲಿ ಆ ವರ್ಷದ ಮರಿಗಳಲ್ಲಿ ಹೆಚ್ಚಿನವು ಸತ್ತವು. ಉಳಿದ ಕೆಲವೇ ಜೋಡಿಗಳನ್ನು ಕಣ್ಣಿಟ್ಟು ಕಾಯುತ್ತಿದ್ದಾರೆ.

ನಮ್ಮ ಮಾತು

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡ ಜಾರಿದ್ದನ್ನು ಕಂಡವರು ನಾವು. ಮಳೆಯನ್ನು ನಿಲ್ಲಿಸಲು ಯಾರಿಗೂ ಆಗದು. ಆದರೆ ನೆತ್ತಿಯ ಮೇಲೆ ಕಾಡಿರಬೇಕೇ, ಹಳ್ಳಕ್ಕೆ ದಾರಿಯಿರಬೇಕೇ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಪರೋಪದೇಶ ಮಾಡುವ ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಇಪ್ಪತ್ತು ವರ್ಷಗಳ ಹಿಂದೆ ಕಾಫಿಗೆ ಬೆಲೆ ಬರಲಿದೆ ಎಂಬ ಆಸೆಯಿಂದ ನಾವು ಮನೆಯ ಮೇಲಿನ ಕಾನಿನಂಚನ್ನು ಕಡಿಸಿ ಎರಡು ಎಕರೆ ಗಿಡ ಹಾಕಿದೆವು. ತಂದೆಯವರು ಬೇಡವೆಂದಿದ್ದರು. ಗಿಡವೇನೋ ಬಂತು. ಆದರೆ ಶಿವರಾತ್ರಿ ಕಳೆದ ಮೇಲೂ ಸಣ್ಣಗೆ ಹರಿಯುತ್ತಿದ್ದ ಹಳ್ಳ ಈಗ ಅದಕ್ಕೆ ತಿಂಗಳು ಮೊದಲೇ ನಿಲ್ಲುತ್ತದೆ. ಕೆಳಗಿನ ಮನೆಯವರ ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ನೀರು ಸಾಲದೆ ಅವರು ರಾತ್ರಿ ಪಂಪು ಹಚ್ಚುತ್ತಾರೆ. ನಾವೂ ಹಚ್ಚುತ್ತೇವೆ. ಎರಡು ಮನೆಗಳ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು.

ಮದೈರಾದವರು ದೇವತೆಗಳಲ್ಲ. ನಾವು ಮಾಡಿದ ತಪ್ಪನ್ನೆಲ್ಲ ಅವರೂ ಮಾಡಿದ್ದಾರೆ. ಕಾಡು ಸುಟ್ಟರು, ಒಂದೇ ಬೆಳೆಯನ್ನು ನಂಬಿದರು, ಹಳ್ಳವನ್ನು ಒತ್ತಿದರು. ಆದರೂ ಉಳಿದ ಕಾಡನ್ನು ಬಿಟ್ಟುಕೊಡಲಿಲ್ಲ, ನೀರಿನ ಗಂಟೆಗಳನ್ನು ಬರೆದಿಟ್ಟು ಸರದಿ ತಪ್ಪದಂತೆ ನೋಡಿಕೊಂಡರು. ಹೊರಗಿನವರು ಇಂದು ಅಲ್ಲಿ ಕಣ್ತುಂಬ ನೋಡುವ ಸೊಬಗಿನಲ್ಲಿ ಅರ್ಧ ಪ್ರಕೃತಿಯದು, ಅರ್ಧ ಅಕ್ಕಪಕ್ಕದ ರೈತರು ಕಟ್ಟಿ ಪಾಲಿಸಿದ ಕರಾರಿನದು. ನಮ್ಮ ಊರುಗಳಲ್ಲೂ ಅಡಿಕೆ ದಬ್ಬೆಯಲ್ಲಿ ನೀರು ತಂದು ಸರದಿಯಂತೆ ಹಂಚಿದ ಕಾಲವಿತ್ತು. ಪಂಪು ಬಂದ ಮೇಲೆ ಸರದಿ ಹೋಯಿತು, ನೀರೂ ಹೋಯಿತು.

ಹೋದ ವಾರ ನಾವು ಕೆಳಗಿನ ಮನೆಗೆ ಹೋಗಿ ಬಂದೆವು. ಕಾಫಿ ಕೊಟ್ಟರು. ಆ ಎರಡು ಎಕರೆಯ ಮೇಲಂಚಿನಲ್ಲಿ ಈ ಮುಂಗಾರಿಗೆ ಕಾಡುಮರದ ಸಸಿ ಹಾಕುವುದೆಂದೂ, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಪಂಪು ಹಚ್ಚುವುದೆಂದೂ ಮಾತಾಗಿದೆ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ.

ಒಂದೇ ಹಳ್ಳದ ನೀರನ್ನು ನಂಬಿದ ಸದಸ್ಯರು ಹೀಗೆ ಕೂತು ಮಾತಾಡಿ ಸರದಿ ಪಟ್ಟಿ ಮಾಡಿಕೊಂಡರೆ, ಅದರ ಪ್ರತಿಯನ್ನು ಸಂಘದ ಕಛೇರಿಯಲ್ಲಿ ಇಟ್ಟುಕೊಳ್ಳಲು ನಾವು ಸಿದ್ಧ. ಪುಸ್ತಕವೊಂದನ್ನು ತೆರೆದಿಟ್ಟಿದ್ದೇವೆ. ಮೊದಲ ಪುಟದಲ್ಲಿ ನಮ್ಮ ಹಳ್ಳದ ಪಟ್ಟಿಯಿದೆ. ಎರಡನೆಯ ಪುಟ ಖಾಲಿ ಇದೆ.